ಮುಳ್ಳಪ್ಪನವರು ಅರವತ್ತು ಮೀಟರ್ ಇಳಿದದ್ದು

ತನ್ನ ಹೆಂಡತಿಯ ಮುಂಗೈಗೆ ಗಡಿಯಾರ ಆರಿಸುವ ಅಧಿಕಾರ ಈ ಭೂಮಂಡಲದಲ್ಲಿ ಒಬ್ಬನಿಗೇ ಇರುವುದು, ಆ ಒಬ್ಬ ತಾನು ಎಂದು ಮುಳ್ಳಪ್ಪನವರು ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತ ಘೋಷಿಸಿದರು. ಬಾಯಿ ತುಂಬ ನೊರೆ ಇದ್ದದ್ದರಿಂದ ಅರ್ಧ ಘೋಷಣೆ ಮಾತ್ರ ಹೊರಗೆ ಬಂತು. ಉಳಿದರ್ಧವನ್ನು ಬಾಯಿ ಮುಕ್ಕಳಿಸಿ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರೈಸಿದರು.

"ನೀನು ಸುಮ್ನೆ ಕೈ ಚಾಚು. ಏನು ಕಟ್ಬೇಕು ಅನ್ನೋದು ನನಗೆ ಬಿಡು. ನಿನ್ನ ಮೊಮ್ಮಕ್ಕಳೂ ಅದನ್ನ ಕಟ್ಕೊಂಡು ಓಡಾಡ್ಬೇಕು, ಅಂಥದ್ದು ತರೋಣ."

"ಮೊಮ್ಮಕ್ಕಳು ಆಮೇಲೆ ಕಟ್ಕೊಳ್ಳಲಿ. ಭಾನುವಾರ ನಾನು ಕಟ್ಕೋಬೇಕು," ಎಂದರು ಹೆಂಡತಿ. "ಮತ್ತೆ ಅದು ಗಡಿಯಾರ ಅಲ್ಲ ರೀ. ಡೈವ್ ಕಂಪ್ಯೂಟರ್."

ಮುಳ್ಳಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಇಪ್ಪತ್ತೆಂಟು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲೇ ಅವರ ಗಡಿಯಾರ ರಿಪೇರಿ ಅಂಗಡಿ. ದೊಡ್ಡ ಮುಳ್ಳು, ಚಿಕ್ಕ ಮುಳ್ಳು, ಸೆಕೆಂಡಿನ ಮುಳ್ಳು ಎನ್ನುತ್ತಲೇ ತಲೆಗೂದಲು ನರೆತಿತ್ತು. ಊಟದ ಮೇಜಿನಿಂದ ಅಂಗಡಿಯ ಸ್ಟೂಲಿಗೆ ಹನ್ನೊಂದು ಹೆಜ್ಜೆ. ದಿನಕ್ಕೆ ನಾಲ್ಕು ಸಲ ಅಷ್ಟು ನಡೆದರೆ ಅವರ ವ್ಯಾಯಾಮ ಮುಗಿಯಿತು. ಹೆಂಡತಿ ಇದಕ್ಕೆ ತದ್ವಿರುದ್ಧ. ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್, ಬೀದಿಗೆಲ್ಲ ಟೀಚರಮ್ಮ. ಬೆಳಿಗ್ಗೆ ಓಡುತ್ತಾರೆ, ಸಂಜೆ ಸೈಕಲ್ ತುಳಿಯುತ್ತಾರೆ, ನಡುವೆ ನಾನೂರು ಮಕ್ಕಳನ್ನು ಸೀಟಿ ಊದಿ ಕುಣಿಸುತ್ತಾರೆ. ಸಾಲದ್ದಕ್ಕೆ, ಐವತ್ತು ತುಂಬಲು ಇನ್ನೆರಡು ವರ್ಷ ಇದೆ ಎನ್ನುವಾಗ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜುವ ವಿದ್ಯೆ ಕಲಿಯಲು ಹೊರಟಿದ್ದರು.

ಮೂರು ತಿಂಗಳು ಈಜುಕೊಳದಲ್ಲಿ ಅಭ್ಯಾಸವಾಗಿತ್ತು. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ದೋಣಿ ಹೊರಡುವುದಿತ್ತು. ಸಮುದ್ರದಲ್ಲಿ ಹದಿನಾರು ಮೀಟರ್ ಕೆಳಗೆ ಒಂದು ಹಳೆಯ ಸರಕಿನ ಹಡಗು ಮುಳುಗಿ ಕೂತಿದೆಯಂತೆ. ಅದನ್ನು ಮುಟ್ಟಿ ಬರಬೇಕು. ಟೀಚರಮ್ಮ ಆ ಹಡಗಿನ ಕನಸು ಕಾಣುತ್ತ ನಿದ್ದೆಯಲ್ಲೂ ಕಾಲು ಬಡಿಯುತ್ತಿದ್ದರು. ಒದೆ ತಿಂದ ಮುಳ್ಳಪ್ಪನವರೇ ಇದಕ್ಕೆ ಸಾಕ್ಷಿ. ಈ ಭಾನುವಾರ ತಪ್ಪಿತೋ, ಕಡಲು ಕೆಡುವ ಕಾಲ ಶುರುವಾಗುತ್ತದೆ, ಮತ್ತೆ ದೋಣಿ ಬಿಡುವುದು ಐದು ತಿಂಗಳ ಮೇಲೆ. ಕಲಿಸುವ ಡೈವಿಂಗ್ ಮೇಡಂ ಅವರದ್ದು ಒಂದೇ ಕಟ್ಟುನಿಟ್ಟು: ಮುಂಗೈಯಲ್ಲಿ ಸ್ವಂತ ಡೈವ್ ಕಂಪ್ಯೂಟರ್ ಇಲ್ಲದವರು ದೋಣಿಗೆ ಕಾಲಿಡುವ ಹಾಗಿಲ್ಲ.

ಅಂದು ಸಂಜೆ ಅಂಗಡಿಗೆ ಹೋಗುವಾಗ ಬಸ್ಸಿನಲ್ಲಿ ಟೀಚರಮ್ಮ ಗಂಡನಿಗೆ ಅದರ ಮರ್ಮವನ್ನು ಬಿಡಿಸಿ ಹೇಳಿದರು. ನೀರಿನ ಆಳದಲ್ಲಿ ಉಸಿರಾಡುವ ಗಾಳಿ ಒತ್ತಡಕ್ಕೆ ರಕ್ತದಲ್ಲಿ ಕರಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಸದ್ದಿಲ್ಲದೆ ಹೊರಟುಹೋಗುತ್ತದೆ. ದಡಬಡಿಸಿ ಮೇಲೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ಕಿತ್ತಂತೆ ಮೈಯೊಳಗೆ ಗುಳ್ಳೆ ಏಳುತ್ತದೆ, ಮನುಷ್ಯ ಉಳಿಯುವುದು ಕಷ್ಟ. ಎಷ್ಟು ಆಳ, ಎಷ್ಟು ನಿಮಿಷ, ಎಷ್ಟು ನಿಧಾನ ಏರಬೇಕು ಎಂದು ಹೇಳುವುದೇ ಈ ಯಂತ್ರದ ಕೆಲಸ. "ಅದು ನಮ್ಮ ರಕ್ತದ ಮೇಲೆ ನಿಗಾ ಇಡುತ್ತೆ ರೀ," ಎಂದರು. ಮುಳ್ಳಪ್ಪನವರು ಹೂಂಗುಟ್ಟಿದರು. ಅವರ ಕಣ್ಣು ಮುಂದಿನ ಸೀಟಿನವನ ಮುಂಗೈ ಮೇಲಿತ್ತು. ಅವನ ವಾಚು ನಾಲ್ಕು ನಿಮಿಷ ಹಿಂದಿತ್ತು.

ಅಂಗಡಿಯ ಸೇಲ್ಸ್‌ಮನ್, ಪಾಪ, ಅಂದು ಯಾರ ಮುಖ ನೋಡಿ ಎದ್ದಿದ್ದನೋ! ಮೊದಲು ಕಪ್ಪು ಪ್ಲಾಸ್ಟಿಕ್ಕಿನದೊಂದನ್ನು ತೋರಿಸಿದ. ಅಂಕಿಗಳು ಕನ್ನಡಕ ಇಲ್ಲದೆಯೂ ಓದುವಷ್ಟು ದೊಡ್ಡವು. ಗುಂಡಿಗಳು ಗ್ಲೌಸ್ ತೊಟ್ಟ ಬೆರಳಿಗೂ ಸಿಗುವಷ್ಟು ದಪ್ಪ. ಪಟ್ಟಿ ಡೈವಿಂಗ್ ಸೂಟಿನ ತೋಳಿನ ಮೇಲೂ ಸುತ್ತಿ ಬರುವಷ್ಟು ಉದ್ದ. ಮೇಡಂ ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ. ಟೀಚರಮ್ಮನಿಗೆ ಹಿಡಿಸಿಯೇ ಬಿಟ್ಟಿತು.

ಮುಳ್ಳಪ್ಪನವರು ಜೇಬಿನಿಂದ ತಮ್ಮ ಭೂತಗನ್ನಡಿ ತೆಗೆದು ಬಲಗಣ್ಣಿಗೆ ಸಿಕ್ಕಿಸಿಕೊಂಡರು. ಆ ಕಣ್ಣಿನಿಂದ ನೋಡಿದ ಮೇಲೆ ಪ್ರಪಂಚದಲ್ಲಿ ಯಾವ ವಸ್ತುವೂ ಪಾಸಾದದ್ದಿಲ್ಲ. ಪ್ಲಾಸ್ಟಿಕ್ಕನ್ನು ಉಗುರಿನಿಂದ ಕುಟ್ಟಿದರು, ಕಿವಿಗೆ ಹಿಡಿದರು, ಬೆನ್ನು ಸವರಿದರು. ಇದು ಸೋಪಿನ ಡಬ್ಬಿ ಎಂದು ತೀರ್ಪು ಕೊಟ್ಟರು. ಲೋಹದ್ದು ಬೇಕು, ಗೀರು ಬೀಳದ ಗಾಜಿನದು ಬೇಕು, ಆನೆ ತುಳಿದರೂ ಆನೆಯ ಕಾಲಿಗೇ ನೋವಾಗಬೇಕು ಎಂದರು. ಸೇಲ್ಸ್‌ಮನ್ ಒಳಗಿನಿಂದ ಟೈಟಾನಿಯಮ್ಮಿನದೊಂದನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿ ಹೊತ್ತು ತಂದ. ಚುರುಕಾದ ಜೀವನಶೈಲಿಯವರಿಗೆ ಹೇಳಿ ಮಾಡಿಸಿದ್ದು, ಕಟ್ಟಿಕೊಂಡು ಬೆಟ್ಟ ಹತ್ತಬಹುದು, ಓಡಬಹುದು, ನೂರು ಮೀಟರ್ ನೀರಿಗೆ ಇಳಿಯಬಹುದು ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಹಾಗಾದರೆ ಈ ಕೌಂಟರಿನ ಮೇಲಿಂದ ಒಮ್ಮೆ ಕೆಳಗೆ ಬೀಳಿಸು ನೋಡೋಣ ಎಂದರು ಮುಳ್ಳಪ್ಪನವರು. ಅವನು ಎರಡೂ ಕೈಯಿಂದ ಅದನ್ನು ಮುಚ್ಚಿ ಹಿಡಿದುಕೊಂಡ.

"ನೂರು ಮೀಟರ್ ಅಂತ ಹಿಂದೆ ಕೆತ್ತಿದಾರೆ ಸಾರ್. ನೀವೇ ನೋಡಿ."

"ಕೆತ್ತೋದಕ್ಕೇನಪ್ಪಾ, ನಾನೂ ಕೆತ್ತಬಲ್ಲೆ. ವಾಟರ್‌ಪ್ರೂಫ್ ಅಂತ ಕೆತ್ತಿರೋ ಗಡಿಯಾರಗಳ ಹೊಟ್ಟೆಯಿಂದ ನಾನು ಲೋಟಗಟ್ಟಲೆ ನೀರು ಬಸಿದಿದೀನಿ."

ಕಡೆಗೆ ಟೈಟಾನಿಯಮ್ಮೇ ಗೆದ್ದಿತು. ಟೀಚರಮ್ಮ ಪ್ಲಾಸ್ಟಿಕ್ಕಿನ ಕಡೆ ಎರಡು ಸಲ ತಿರುಗಿ ನೋಡಿದರು. ಆದರೆ ಇದರ ಅಂಕಿಗಳೂ ದೊಡ್ಡವೇ ಇದ್ದವು, ಗಂಡನ ಎದೆಯೂ ಅಷ್ಟೇ ಉಬ್ಬಿತ್ತು, ಹೋಗಲಿ ಎಂದು ಒಪ್ಪಿದರು. ಸೇಲ್ಸ್‌ಮನ್ ಕಂಪನಿಗೆ ಕಳಿಸುವ ಅರ್ಜಿ ತುಂಬಿದ. ಮಾಲೀಕರ ಹೆಸರಿನ ಜಾಗದಲ್ಲಿ ಟೀಚರಮ್ಮನ ಹೆಸರು. ಆಪತ್ತಾದರೆ ಯಾರಿಗೆ ತಿಳಿಸಬೇಕು ಎನ್ನುವ ಜಾಗದಲ್ಲಿ ಡೈವಿಂಗ್ ಮೇಡಂ ಅವರ ಫೋನ್ ನಂಬರು. ಹೊರಗೆ ಬಂದ ಮೇಲೆ ಟೀಚರಮ್ಮ ಗಂಡನಿಂದ ಒಂದೇ ಒಂದು ಮಾತು ತೆಗೆದುಕೊಂಡರು. ಯಾವ ಕಾರಣಕ್ಕೂ ಅದನ್ನು ಬಿಚ್ಚಬಾರದು. ಬಿಚ್ಚುವುದಿಲ್ಲ ಎಂದು ಮುಳ್ಳಪ್ಪನವರು ಮಾತು ಕೊಟ್ಟರು. ಆ ಮಾತನ್ನು ಉಳಿಸಿಕೊಂಡರು ಕೂಡ. ಆದದ್ದೇ ಬೇರೆ.

ಶುಕ್ರವಾರ ಟೀಚರಮ್ಮ ಶಾಲೆಗೆ ಹೋದರು. ಟೈಟಾನಿಯಂ ಮೇಜಿನ ಮೇಲೆ ಮಿನುಗುತ್ತ ಕೂತಿತ್ತು. ಮುಳ್ಳಪ್ಪನವರು ಹನ್ನೊಂದು ಹೆಜ್ಜೆ ನಡೆದು ಅಂಗಡಿಗೆ ಹೋದರು, ಹನ್ನೊಂದು ಹೆಜ್ಜೆ ವಾಪಸ್ಸು ಬಂದು ಅದನ್ನು ನೋಡಿದರು. ಮತ್ತೆ ಹೋದರು, ಮತ್ತೆ ಬಂದರು. ಮಧ್ಯಾಹ್ನದೊಳಗೆ ಅವರಿಗೆ ಎಂದಿಗಿಂತ ದುಪ್ಪಟ್ಟು ವ್ಯಾಯಾಮವಾಗಿತ್ತು. ತಾನು ಪರೀಕ್ಷೆ ಮಾಡದ ವಸ್ತು ಹೆಂಡತಿಯ ಕೈಯಲ್ಲಿ ಸಮುದ್ರಕ್ಕೆ ಹೋಗುವುದೆಂದರೇನು? ಒಳಗೆ ಒಂದು ತೊಟ್ಟು ನೀರು ಹೋದರೆ? ಹೆಂಡತಿಯ ಜೀವದ ಪ್ರಶ್ನೆ. ಬಿಚ್ಚುವುದು ಬೇಡ, ಸರಿ. ಬಿಚ್ಚದೆಯೇ ಪರೀಕ್ಷೆ ಮಾಡುವ ಸಾಧನ ತನ್ನ ಹತ್ತಿರ ಇಲ್ಲವೇ?

ಇತ್ತು. ಅಂಗಡಿಯ ಮೂಲೆಯಲ್ಲಿ, ಬಟ್ಟೆ ಹೊದ್ದುಕೊಂಡು ಕೂತಿತ್ತು. ದಪ್ಪ ಗಾಜಿನ ಗೋಡೆ, ಹಿತ್ತಾಳೆಯ ಮುಚ್ಚಳ, ಪಕ್ಕದಲ್ಲಿ ಕೈಪಂಪು. ಗಡಿಯಾರವನ್ನು ಒಳಗೆ ನೀರಿನಲ್ಲಿ ಮುಳುಗಿಸಿ, ಮುಚ್ಚಳ ಬಿಗಿದು ಪಂಪು ಒತ್ತುತ್ತ ಹೋದರೆ ಒಳಗೆ ಸಮುದ್ರದ ಆಳದಷ್ಟೇ ಒತ್ತಡ ಹುಟ್ಟುತ್ತದೆ. ಎಷ್ಟು ಮೀಟರ್ ಎಂದು ಮುಚ್ಚಳದ ಮೇಲಿನ ಮುಳ್ಳು ತೋರಿಸುತ್ತದೆ. ಅರವತ್ತರವರೆಗೂ ಹೋಗುತ್ತದೆ. ನೀರು ತುಂಬುವ ಕೊಡಕ್ಕಿಂತ ಚಿಕ್ಕ ಪಾತ್ರೆಯಲ್ಲಿ ಇಡೀ ಸಮುದ್ರ! ಇಡೀ ಪೇಟೆಯಲ್ಲಿ ಇದು ಇದ್ದದ್ದು ತನ್ನೊಬ್ಬನ ಹತ್ತಿರ ಎಂದು ಮುಳ್ಳಪ್ಪನವರು ಗಿರಾಕಿಗಳಿಗೆಲ್ಲ ಹೇಳಿ ಹೇಳಿ ಅವರ ಕಿವಿ ತೂತು ಮಾಡಿದ್ದರು.

ಸರಿ, ಟೈಟಾನಿಯಂ ನೀರಿಗೆ ಇಳಿಯಿತು. ಮುಳ್ಳಪ್ಪನವರು ಪಂಪು ಒತ್ತಿದರು. ಎರಡು ಮೀಟರಿಗೆ ಅದರ ಪರದೆ ತಾನಾಗಿಯೇ ಬೆಳಗಿತು. ಇಪ್ಪತ್ತಕ್ಕೆ ಅಂಕಿಗಳು ಓಡತೊಡಗಿದವು. ಭೇಷ್, ಜಾಣ ಮಗು ಎಂದುಕೊಂಡರು. ಅರವತ್ತಕ್ಕೆ ತಂದು ತಿರುಪು ಬಿಗಿದರು. ಸ್ವಲ್ಪ ಹೊತ್ತಿಗೆ ಗಾಜಿನೊಳಗಿಂದ ಸೊಳ್ಳೆಯಂಥ ಸದ್ದು ಬರತೊಡಗಿತು. ಖುಷಿಯಾಗಿದೆ ಪಾಪ, ಹಾಡುತ್ತಿದೆ ಎಂದು ಅವರೂ ಖುಷಿಪಟ್ಟರು. ಒಂದು ಗಂಟೆಯಾದರೂ ಹಾಗೇ ಇರಲಿ, ಪರೀಕ್ಷೆ ಅಂದರೆ ಪರೀಕ್ಷೆಯಂತಿರಬೇಕು ಎಂದು ಊಟಕ್ಕೆ ಹೋದರು. ಊಟವಾದ ಮೇಲೆ ಐದೇ ನಿಮಿಷ ಎಂದು ಕಣ್ಣು ಮುಚ್ಚಿದರು. ಇತರರ ನಿಮಿಷಗಳನ್ನು ರಿಪೇರಿ ಮಾಡುವವರಿಗೆ ತಮ್ಮ ಐದು ನಿಮಿಷ ಎಷ್ಟಾಯಿತೆಂದು ಗೊತ್ತಾಗಲಿಲ್ಲ.

ಎದ್ದು ಬಂದಾಗ ಎರಡೂವರೆ. ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ಒಳಗೆ ಒಂದು ತೊಟ್ಟು ನೀರಿಲ್ಲ! ಮಂಜಿಲ್ಲ! ಗೆದ್ದೆ ಎಂದುಕೊಂಡು ತಿರುಪನ್ನು ಒಂದೇ ಸಲಕ್ಕೆ ಬಿಚ್ಚಿದರು. ಪುಸ್ ಎಂದಿತು. ಅರವತ್ತರಲ್ಲಿದ್ದ ಮುಳ್ಳು ಒಂದು ಸೆಕೆಂಡಿನಲ್ಲಿ ಸೊನ್ನೆಗೆ ಬಂತು.

ಮುಚ್ಚಳ ತೆಗೆದದ್ದೇ ತಡ, ಟೈಟಾನಿಯಂ ಕಿರುಚಿಕೊಂಡಿತು. ಪರದೆ ಕೆಂಪಗಾಯಿತು. ಆಳ ಅರವತ್ತು ಮೀಟರ್. ಸಮಯ ಎಂಬತ್ತೆರಡು ನಿಮಿಷ. ಮೇಲೇರಿದ ವೇಗ ಅಪಾಯಕಾರಿ. ನಲವತ್ತೆಂಟು ಗಂಟೆ ಲಾಕ್. ನೀರಿಗೆ ಇಳಿಯಬೇಡಿ, ವಿಮಾನ ಹತ್ತಬೇಡಿ, ಕೂಡಲೇ ವೈದ್ಯರನ್ನು ಕಾಣಿ.

ಮುಳ್ಳಪ್ಪನವರು ಗುಂಡಿಗಳನ್ನು ಒಂದೊಂದಾಗಿ ಒತ್ತಿದರು, ಎರಡೆರಡಾಗಿ ಒತ್ತಿದರು, ಎಲ್ಲವನ್ನೂ ಒಟ್ಟಿಗೆ ಒತ್ತಿದರು. ಅದು ಜಪ್ಪಯ್ಯ ಎನ್ನಲಿಲ್ಲ. ಶುಕ್ರವಾರ ಎರಡೂವರೆಗೆ ನಲವತ್ತೆಂಟು ಗಂಟೆ ಸೇರಿದರೆ ಭಾನುವಾರ ಎರಡೂವರೆ. ದೋಣಿ ಹೊರಡುವುದು ಏಳಕ್ಕೆ. ಗೋಡೆಯ ಮೇಲಿದ್ದ ನಲವತ್ತು ಗಡಿಯಾರಗಳನ್ನೂ ಒಂದು ಸುತ್ತು ನೋಡಿದರು, ಯಾವುದೂ ಬೇರೆ ಮಾತು ಹೇಳಲಿಲ್ಲ.

ಪೆಟ್ಟಿಗೆಯ ಮೇಲೆ ಕಂಪನಿಯ ಸಹಾಯವಾಣಿಯ ನಂಬರಿತ್ತು. ಫೋನ್ ಎತ್ತಿದ್ದು ಒಬ್ಬ ಹೆಣ್ಣುಮಗಳು, ಬಹಳ ಸೌಮ್ಯ ಸ್ವರ. ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರನ್ನೂ ಪರದೆಯ ಮೇಲೆ ಏನಿದೆ ಎಂಬುದನ್ನೂ ಓದಿ ಎಂದಳು. ಓದಿದರು.

"ಡೈವರ್ ಈಗ ಎಲ್ಲಿದಾರೆ ಸಾರ್?"

ಇಲ್ಲಿ ಮುಳ್ಳಪ್ಪನವರು ಒಂದು ತಪ್ಪು ಮಾಡಿದರು. ಪಾತ್ರೆಗೆ ಹಾಕಿದೆ ಎಂದರೆ ಗ್ಯಾರಂಟಿ ಹೋಗುತ್ತದೆ. ಗಡಿಯಾರ ರಿಪೇರಿಯವನು ಹಾಕಿದ ಎಂದರೆ ಮಾನವೇ ಹೋಗುತ್ತದೆ. ಆದ್ದರಿಂದ ಎದೆ ಸೆಟೆಸಿ, "ಡೈವರ್ ನಾನೇ ಕಣಮ್ಮ," ಎಂದುಬಿಟ್ಟರು.

"ಅರವತ್ತು ಮೀಟರಿನಿಂದ ಒಂದೇ ಸಲಕ್ಕೆ ಮೇಲೆ ಬಂದ್ರಾ?"

"ಬಂದೆ. ಊಟದ ಹೊತ್ತಾಗಿತ್ತು."

"ಸಾರ್, ಉಸಿರಾಟ ಸರಿಯಾಗಿದೆಯಾ? ಕೈಕಾಲು ಏನಾದ್ರೂ ಜೋಮು ಹಿಡಿದಿದೆಯಾ?"

ಮುಳ್ಳಪ್ಪನವರು ಸುಳ್ಳು ಹೇಳುವುದರಲ್ಲಿ ಅಷ್ಟು ಪಳಗಿದವರಲ್ಲ. ಒಂದು ಹೇಳಿದರೆ ಸುಸ್ತಾಗಿ ಮುಂದೆ ನಿಜವನ್ನೇ ಹೇಳುತ್ತಾರೆ. ಸ್ಟೂಲಿನ ಮೇಲೆ ಮಡಚಿ ಕೂತಿದ್ದರಿಂದ ಎಡಗಾಲು ಜೋಮು ಹಿಡಿದಿತ್ತು, ಹೌದು ಎಂದರು. ಕೀಲು ನೋವು? ಮಂಡಿ ನೋಯುತ್ತದೆ ಎಂದರು. ಹತ್ತು ವರ್ಷದಿಂದ ಎಂಬುದನ್ನು ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ. ಕಣ್ಣು ಮಂಜು? ಭೂತಗನ್ನಡಿ ಇನ್ನೂ ಕಣ್ಣಲ್ಲೇ ಇತ್ತು, ಸ್ವಲ್ಪ ಮಂಜು ಎಂದರು. ಆಯಾಸ? ಊಟವಾದ ಮೇಲೆ ಯಾರಿಗಿಲ್ಲ ಎಂದರು. ವಿಳಾಸ ಕೇಳಿದಳು. ರಿಪೇರಿಯವನನ್ನು ಮನೆ ಬಾಗಿಲಿಗೇ ಕಳಿಸುತ್ತಿದ್ದಾರೆ ಎಂದು ಮುಳ್ಳಪ್ಪನವರು ಅಂಗಡಿಯ ಗುರುತನ್ನೂ ತಿರುವುಗಳನ್ನೂ ವಿವರವಾಗಿ ಹೇಳಿದರು. ನಿಮ್ಮವರು ಬರುವುದಕ್ಕೆ ಎಷ್ಟು ಹೊತ್ತಾಗುತ್ತದೆ ಎಂದಾಗ ಹತ್ತೇ ನಿಮಿಷ, ಅಲ್ಲಿಯವರೆಗೆ ನೆಲದ ಮೇಲೆ ಅಂಗಾತ ಮಲಗಿ, ಅಲುಗಾಡಬೇಡಿ ಎಂದಳು. ರಿಪೇರಿಗೆ ಗಿರಾಕಿ ಯಾಕೆ ಮಲಗಬೇಕು ಎಂದು ಅವರಿಗೆ ಅರ್ಥವಾಗಲಿಲ್ಲ. ಆದರೆ ಹುಡುಗಿ ಅಷ್ಟು ಕಳಕಳಿಯಿಂದ ಹೇಳುತ್ತಿದ್ದಾಳೆ, ಕಂಪನಿಯ ಪದ್ಧತಿ ಇರಬಹುದು ಎಂದು ಸ್ಟೂಲಿಗೂ ಗೋಡೆಗೂ ನಡುವೆ ಮಲಗಿಕೊಂಡರು.

ಬಂದದ್ದು ರಿಪೇರಿಯವನಲ್ಲ, ಆಂಬುಲೆನ್ಸ್. ಮುಳ್ಳಪ್ಪನವರು ಬಾಯಿ ತೆರೆಯುವುದರೊಳಗೆ ಬಾಯಿಗೆ ಆಕ್ಸಿಜನ್ ಮಾಸ್ಕ್ ಬಿತ್ತು. ಇಬ್ಬರು ಗಟ್ಟಿಗರು ಅವರ ಕೈಕಾಲು ಹಿಡಿದು ಕೂತರು. ಎದ್ದೇಳಲು ಹೋದರೆ, ಗಾಬರಿ ಪಡಬೇಡಿ, ಗಾಬರಿಯೂ ಒಂದು ಲಕ್ಷಣವೇ ಎಂದರು. ಬೀದಿ ಬೀದಿಯೇ ಬಾಗಿಲಿಗೆ ಬಂದು ನಿಂತಿತು.

ಅಷ್ಟರಲ್ಲಿ ಆ ಕಡೆ ಇನ್ನೊಂದು ಅನಾಹುತ ನಡೆದಿತ್ತು. ಕರ್ತವ್ಯನಿಷ್ಠೆಯ ಆ ಸಹಾಯವಾಣಿಯ ಹುಡುಗಿ ಅರ್ಜಿಯಲ್ಲಿದ್ದ ಡೈವಿಂಗ್ ಮೇಡಂ ನಂಬರಿಗೆ ಫೋನ್ ಮಾಡಿ, ಇಂಥವರ ಹೆಸರಿನ ಕಂಪ್ಯೂಟರು ಅರವತ್ತು ಮೀಟರ್ ಇಳಿದು ಲಾಕ್ ಆಗಿದೆ ಎಂದು ತಿಳಿಸಿದ್ದಳು. ಹೆಸರು ಟೀಚರಮ್ಮನದು. ಮೇಡಂ ಶಾಲೆಯಲ್ಲಿದ್ದ ಟೀಚರಮ್ಮನಿಗೇ ನೇರವಾಗಿ ಫೋನ್ ಮಾಡಿದರು. ಕದ್ದು ಮುಚ್ಚಿ ಅರವತ್ತು ಮೀಟರ್ ಇಳಿಯುವವರಿಗೆ ತನ್ನ ದೋಣಿಯಲ್ಲಿ ಜಾಗವಿಲ್ಲ ಎಂದು ಹೇಳಿ ಇಟ್ಟುಬಿಟ್ಟರು. ಆಟದ ಮೈದಾನದಲ್ಲಿ ನಿಂತಿದ್ದ ಟೀಚರಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಸೈಕಲ್ ಹತ್ತಿದವರು ಮನೆಯ ಮುಂದೆ ಆಂಬುಲೆನ್ಸ್ ಕಂಡು, ಸೈಕಲ್ಲನ್ನು ನಡುಬೀದಿಯಲ್ಲೇ ಬಿಟ್ಟು ಓಡಿ ಬಂದರು.

ನೆಲದ ಮೇಲೆ ಗಂಡ, ಮುಖಕ್ಕೆ ಮಾಸ್ಕ್. ನಾನೂರು ಮಕ್ಕಳನ್ನು ಒಂದು ಸೀಟಿಗೆ ನಿಲ್ಲಿಸುವ ಹೆಂಗಸು ಅಲ್ಲೇ ಕುಸಿದು ಕೂತು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಣ್ಣಲ್ಲಿ ನೀರು ಬಂದೇ ಬಿಟ್ಟಿತು. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಹೆಂಡತಿ ತನ್ನ ಕೈಯನ್ನು ಇಷ್ಟು ಬಿಗಿಯಾಗಿ ಹಿಡಿದದ್ದು ಮುಳ್ಳಪ್ಪನವರಿಗೆ ನೆನಪಿರಲಿಲ್ಲ. ಒಂದು ಕ್ಷಣ, ಬರೀ ಒಂದೇ ಕ್ಷಣ, ಇದು ಹೀಗೇ ಇದ್ದರೆ ಚೆನ್ನಲ್ಲವೇ ಅನ್ನಿಸಿತು.

"ಇವರು ಎಲ್ಲಿ ಡೈವ್ ಮಾಡಿದ್ದು ಗೊತ್ತಾ ಅಮ್ಮಾ? ಸಮುದ್ರನಾ, ಕೆರೆನಾ?" ಎಂದು ಕೇಳಿದ ಆಂಬುಲೆನ್ಸಿನವನು.

ಮಾಸ್ಕಿನೊಳಗಿಂದ ಮಾತು ಹೊರಡಲಿಲ್ಲ. ಮುಳ್ಳಪ್ಪನವರ ಎಡಗೈ ನಿಧಾನವಾಗಿ ಮೇಲೆದ್ದು, ತೋರುಬೆರಳನ್ನು ಮೂಲೆಯ ಪಾತ್ರೆಯ ಕಡೆ ಚಾಚಿತು. ಇಬ್ಬರು ಗಟ್ಟಿಗರೂ ಪಾತ್ರೆ ನೋಡಿದರು. ಬಾಗಿಲಲ್ಲಿದ್ದ ಬೀದಿಯೂ ನೋಡಿತು. ಟೀಚರಮ್ಮ ಪಾತ್ರೆ ನೋಡಿದರು, ಪಕ್ಕದಲ್ಲಿ ಒದ್ದೆಯಾಗಿ ಬಿದ್ದಿದ್ದ ಟೈಟಾನಿಯಂ ನೋಡಿದರು, ಕೆಂಪು ಪರದೆ ಓದಿದರು. ಹಿಡಿದಿದ್ದ ಕೈಯನ್ನು ಬಿಟ್ಟರು.

ಬೈದಿದ್ದರೆ ಮುಳ್ಳಪ್ಪನವರು ಬದುಕಿಕೊಳ್ಳುತ್ತಿದ್ದರು. ಬೈಯಲಿಲ್ಲ. ಸಂಜೆ ಮೇಡಂಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದರು. ತಪ್ಪು ಮಾಡಿದವರೆಲ್ಲ ಕಥೆ ಕಟ್ಟುತ್ತಾರೆ, ನಾಯಿ ಕಚ್ಚಿಕೊಂಡು ಹೋಯಿತು ಎಂದವರೂ ಇದ್ದಾರೆ, ಗಂಡ ಪಾತ್ರೆಯಲ್ಲಿ ಹಾಕಿದ ಎಂಬುದನ್ನು ಇದೇ ಮೊದಲು ಕೇಳುತ್ತಿರುವುದು ಎಂದು ಮೇಡಂ ಫೋನ್ ಇಟ್ಟರು. ಟೀಚರಮ್ಮ ಡೈವಿಂಗ್ ಸೂಟನ್ನು ನೀಟಾಗಿ ಮಡಚಿ ಬೀರುವಿನ ಮೇಲಿನ ಖಾನೆಗೆ ಸೇರಿಸಿದರು.

"ಐದು ತಿಂಗಳು ತಾನೇ," ಎಂದರು. ಅಷ್ಟೇ.

ಶನಿವಾರವಿಡೀ ಮುಳ್ಳಪ್ಪನವರಿಗೆ ಅನ್ನ ಇಳಿಯಲಿಲ್ಲ. ಸಹಾಯವಾಣಿಗೆ ಮತ್ತೆ ಫೋನ್ ಮಾಡಿದರು. ಆ ಲಾಕನ್ನು ತೆಗೆಯುವುದು ತಯಾರಿಸಿದವರ ಕೈಯಲ್ಲೂ ಇಲ್ಲ ಎಂದು ಗೊತ್ತಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಅವರ ಕೈಗೆ ಬಂದು ಹಟ ಹಿಡಿದು ಗೆದ್ದ ಮೊದಲ ಯಂತ್ರ ಇದು. ಮೇಡಂಗೆ ಆರು ಸಲ ಫೋನ್ ಮಾಡಿದರು, ಅವರು ಎತ್ತಲಿಲ್ಲ. ಬೀರುವಿನ ಮುಂದೆ ಹಾಯ್ದಾಗಲೆಲ್ಲ ಮೇಲಿನ ಖಾನೆ ಅವರನ್ನೇ ನೋಡಿದಂತಾಗುತ್ತಿತ್ತು. ನನ್ನ ಜಂಬಕ್ಕೆ ಅವಳ ಮೂರು ತಿಂಗಳು ನೀರುಪಾಲಾಯಿತಲ್ಲ ಎಂದುಕೊಂಡರು. ಆದರೂ ಮುಳ್ಳಪ್ಪನವರು ಕೈಚೆಲ್ಲಿ ಕೂರುವ ಪೈಕಿಯಲ್ಲ. ಭಾನುವಾರ ಬೆಳಿಗ್ಗೆ ಐದಕ್ಕೇ ಎದ್ದು, ಬೀರುವಿನಿಂದ ಸೂಟು ಇಳಿಸಿ ಚೀಲಕ್ಕೆ ತುಂಬಿ, ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಹೆಂಡತಿಯನ್ನು ಎಬ್ಬಿಸಿದರು.

"ಏಳು. ನನ್ನ ಮಾನ ಹೇಗೂ ಬೀದಿಗೆ ಬಂದಿದೆ, ಇನ್ನು ಸಮುದ್ರದ ತನಕ ಹೋಗಲಿ. ನೀನು ಬಾ."

ದೋಣಿಕಟ್ಟೆಯಲ್ಲಿ ಏಳೆಂಟು ಜನ ಸೂಟು ತೊಟ್ಟು ಸಿದ್ಧರಾಗಿದ್ದರು. ಮೇಡಂ ಗಿಡ್ಡ ಹೆಂಗಸು. ಎರಡೂ ಮುಂಗೈಗೆ ಒಂದೊಂದು ಕಂಪ್ಯೂಟರು, ಕೈಯಲ್ಲಿ ಹಾಜರಿ ಪಟ್ಟಿ, ಮುಖದಲ್ಲಿ ನಗುವಿನ ಸುಳಿವಿಲ್ಲ. ಟೀಚರಮ್ಮನನ್ನು ನೋಡಿ ತಲೆಯಾಡಿಸಿ ಆಚೆ ತಿರುಗಿದರು. ಮುಳ್ಳಪ್ಪನವರು ಅವರೆದುರಿಗೆ ಹೋಗಿ ನಿಂತು, ಟವೆಲು ಬಿಚ್ಚಿ, ಪಾತ್ರೆಯನ್ನು ಕಲ್ಲುಕಟ್ಟೆಯ ಮೇಲಿಟ್ಟರು. ಎಲ್ಲರಿಗೂ ಕೇಳುವ ಹಾಗೆ ನಡೆದದ್ದನ್ನು ಮೊದಲಿಂದ ಹೇಳಿದರು. ಪ್ಲಾಸ್ಟಿಕ್ಕನ್ನು ಸೋಪಿನ ಡಬ್ಬಿ ಅಂದದ್ದು, ಪಂಪು ಒತ್ತಿದ್ದು, ಊಟ ಮಾಡಿದ್ದು, ನಿದ್ದೆ ಹೋದದ್ದು, ಆಂಬುಲೆನ್ಸ್ ಬಂದದ್ದು, ಒಂದನ್ನೂ ಬಿಡಲಿಲ್ಲ. ಗುಂಪಿನಲ್ಲಿ ಒಬ್ಬರು ಕೆಮ್ಮಿದರು, ಇನ್ನೊಬ್ಬರು ಹೊಟ್ಟೆ ಹಿಡಿದುಕೊಂಡು ಆ ಕಡೆ ಹೋದರು. ಮೇಡಂ ನಗಲಿಲ್ಲ. ತಾವೇ ಬಗ್ಗಿ ಪಂಪು ಒತ್ತಿದರು. ಮುಳ್ಳು ಅರವತ್ತಕ್ಕೆ ಹೋಯಿತು. ತಿರುಪು ಬಿಚ್ಚಿದರು. ಪುಸ್.

"ಈಜು ಬರುತ್ತಾ ನಿಮಗೆ?" ಎಂದು ಕೇಳಿದರು.

"ಇಲ್ಲ."

"ಯಾವತ್ತಾದ್ರೂ ನೀರಿಗೆ ಇಳಿದಿದೀರಾ?"

"ಸ್ನಾನ ಮಾಡ್ತೀನಿ," ಎಂದರು ಮುಳ್ಳಪ್ಪನವರು ವಿನಯದಿಂದ.

ಮೇಡಂ ಎಡಗೈಯ ಕಂಪ್ಯೂಟರ್ ಬಿಚ್ಚಿ ಟೀಚರಮ್ಮನ ಕೈಗೆ ಕೊಟ್ಟರು. ತನ್ನ ನಿಯಮ ಮುರಿಯುತ್ತಿರುವುದು ಇದೇ ಮೊದಲು, ಇದೇ ಕೊನೆ ಎಂದರು. ಆಮೇಲೆ ಮುಳ್ಳಪ್ಪನವರ ಕಡೆ ಬೆರಳು ತೋರಿಸಿದರು. "ನೀರು ಅಂದ್ರೇನು ಅಂತ ಗೊತ್ತಿಲ್ಲದೋರು ನೀರಿನ ಸಾಮಾನು ಆರಿಸಬಾರದು. ನಾಳೆ ಬೆಳಿಗ್ಗೆ ಆರಕ್ಕೆ ಈಜುಕೊಳಕ್ಕೆ ಬರ್ಬೇಕು. ಒಪ್ಪಿಗೆ ಇದ್ರೆ ನಿಮ್ಮ ಮನೆಯವರು ದೋಣಿ ಹತ್ತಬಹುದು."

ಆ ಗಳಿಗೆಯಲ್ಲಿ ಬಾವಿಗೆ ಹಾರು ಎಂದಿದ್ದರೂ ಮುಳ್ಳಪ್ಪನವರು ಒಪ್ಪುತ್ತಿದ್ದರು.

ದೋಣಿ ಹೋಯಿತು. ಕಲ್ಲುಕಟ್ಟೆಯ ಮೇಲೆ ಪಾತ್ರೆಯ ಪಕ್ಕದಲ್ಲಿ ಅವರೊಬ್ಬರೇ ಉಳಿದರು. ದೋಣಿ ಚುಕ್ಕೆಯಾಯಿತು, ಚುಕ್ಕೆಯೂ ಅಳಿಸಿತು. ಆಗ ಅವರಿಗೆ ಹೆದರಿಕೆ ಹುಟ್ಟಿತು. ಈಗ ಇಳಿದಿರಬಹುದು, ಈಗ ಹದಿನಾರು ಮೀಟರಿನಲ್ಲಿರಬಹುದು, ಈಗ ಮೇಲೇರುತ್ತಿರಬಹುದು. ನಿಧಾನವಾಗಿ ಬಾ ತಾಯಿ, ದಡಬಡಿಸಬೇಡ ಎಂದು ಅಲೆಗಳಿಗೆ ಹೇಳುತ್ತ ಕೂತರು. ಬಸ್ಸಿನಲ್ಲಿ ಅವಳು ಹೇಳಿದ ಸೋಡಾ ಬಾಟಲಿ ಅವರಿಗೆ ಈಗ ಅರ್ಥವಾಯಿತು. ಲೋಹ, ಗಾಜು, ಗೀರು ಎಂದು ತಾನು ನೋಡಿದ್ದೆಲ್ಲ ಹೊರಗಿನ ಸಿಪ್ಪೆ; ಆ ಯಂತ್ರ ಕಾಯಬೇಕಾದದ್ದು ಅವಳ ಜೀವವನ್ನು. ಮೂರು ಗಂಟೆ ಅವರು ಕೂತಲ್ಲಿಂದ ಏಳಲಿಲ್ಲ.

ಹತ್ತೂವರೆಗೆ ದೋಣಿ ಬಂತು. ಅದು ನಿಲ್ಲುವ ಮೊದಲೇ ಟೀಚರಮ್ಮ ಕಟ್ಟೆಗೆ ಹಾರಿದರು. ಕೂದಲಿಂದ ನೀರು ಸುರಿಯುತ್ತಿತ್ತು, ಮುಖ ಶಾಲೆ ಬಿಟ್ಟ ಹುಡುಗಿಯ ಮುಖದಂತಿತ್ತು. ಹಡಗನ್ನು ಮುಟ್ಟಿದೆ ರೀ, ಅದರ ಚುಕ್ಕಾಣಿ ಚಕ್ರ ಹಿಡಿದು ತಿರುಗಿಸಲು ನೋಡಿದೆ, ಕಿಟಕಿಯಿಂದ ಒಂದು ದೊಡ್ಡ ಮೀನು ಯಾರು ಬಂದವರು ಎನ್ನುವ ಹಾಗೆ ಇಣುಕಿತು ಎಂದು ಒಂದಾದ ಮೇಲೊಂದು ಹೇಳುತ್ತಲೇ ಹೋದರು. ಮುಳ್ಳಪ್ಪನವರ ಕಣ್ಣು ತುಂಬಿ ಬಂತು. ಗಾಳಿಗೆ ಉಪ್ಪು ಬಡಿಯಿತು ಎಂದು ಒರೆಸಿಕೊಂಡರು. ಮನೆಗೆ ಹೋಗುವ ದಾರಿಯಲ್ಲಿ ಟೀಚರಮ್ಮ ಆ ಪ್ಲಾಸ್ಟಿಕ್ಕಿನದನ್ನೇ ಕೊಂಡು ಕಟ್ಟಿಕೊಂಡರು. ಟೈಟಾನಿಯಂ ಗಂಡನಿಗೇ ಇರಲಿ ಎಂದರು.

ಸೋಮವಾರ ಬೆಳಿಗ್ಗೆ ಆರಕ್ಕೆ ಸರಿಯಾಗಿ ಮುಳ್ಳಪ್ಪನವರು ಈಜುಕೊಳದಲ್ಲಿ ಹಾಜರಾದರು. ರಾತ್ರಿ ಚೆನ್ನಾಗಿ ನಿದ್ದೆಯಾಗಿತ್ತು, ಜಂಬವೂ ಮುಕ್ಕಾಲು ಪಾಲು ವಾಪಸ್ಸು ಬಂದಿತ್ತು. ಲಾಕ್ ಕಳೆದಿದ್ದ ಟೈಟಾನಿಯಂ ಮುಂಗೈಯಲ್ಲಿ ಥಳಥಳಿಸುತ್ತಿತ್ತು. ಹೆಂಡತಿ ಅವರ ಕೈ ಹಿಡಿದು ಮೆಟ್ಟಿಲು ಇಳಿಸಿದರು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು, ಸೊಂಟಕ್ಕೆ ಬಂದು ನಿಂತಿತು. ಉಸಿರು ಬಿಗಿಹಿಡಿದು ತಲೆ ಮುಳುಗಿಸಿ ಎಂದರು ಟೀಚರಮ್ಮ. ಮುಳ್ಳಪ್ಪನವರು ಮುಳುಗಿದರು. ಅಬ್ಬಬ್ಬಾ, ಏನು ಕತ್ತಲೆ, ಏನು ಮೌನ! ಕೈ ಬಡಿದರು, ಕಾಲು ಬಡಿದರು, ನೆಲ ಸಿಕ್ಕಿತು, ನೆಲ ತಪ್ಪಿತು, ಮೂಗಿಗೆ ನೀರು ಹೋಯಿತು, ಹೋದ ಹಿರಿಯರೆಲ್ಲ ಕಣ್ಣ ಮುಂದೆ ಬಂದು ಹೋದರು. ಹೇಗೋ ಹೋರಾಡಿ, ಅಪಾಯದ ನೆನಪಾಗಿ ನಿಧಾನವಾಗಿ, ಬಹಳ ನಿಧಾನವಾಗಿ, ಮೇಲೆದ್ದರು. ಪಾತಾಳ ಕಂಡು ಬಂದ ವೀರನ ಹಾಗೆ ಕಂಬಿ ಹಿಡಿದು ನಿಂತು, ಮುಂಗೈಯನ್ನು ಹೆಂಡತಿಯ ಮುಂದೆ ಚಾಚಿದರು.

"ಕಣ್ಣಿಗೆ ನೀರು ಹೋಗಿದೆ, ನನಗೆ ಕಾಣಿಸ್ತಿಲ್ಲ. ಏನು ತೋರಿಸ್ತಿದೆ ಓದು."

"ಟೈಮ್ ಆರು ಇಪ್ಪತ್ತೆರಡು."

"ಟೈಮ್ ಯಾರು ಕೇಳಿದ್ರು ನಿನ್ನ? ಆಳ ಹೇಳು, ಆಳ."

ಟೀಚರಮ್ಮ ಪರದೆಯನ್ನು ಬೆರಳಿನಿಂದ ಒರೆಸಿ ಇನ್ನೊಮ್ಮೆ ನೋಡಿದರು.

"ಆಳ ಏನೂ ತೋರಿಸ್ತಿಲ್ಲ ರೀ. ನೀವಿನ್ನೂ ನೀರಿಗೇ ಇಳಿದಿಲ್ಲ ಅಂದ್ಕೊಂಡಿದೆ ಅದು."